ಕಲ್ಲಿಗೆ ಹೆಸರು, ಮನೆಗೆ ಹೊಲ

ಡಿಸೆಂಬರ್ ಮೊದಲ ವಾರ ಬಂತೆಂದರೆ ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಮೇಷ್ಟ್ರು ಒಂದು ಕಟ್ಟು ಬಿಚ್ಚುತ್ತಿದ್ದರು. ಅದರೊಳಗೆ ಅಂಗೈಗಿಂತ ಚಿಕ್ಕದಾದ ಕಾಗದದ ಬಾವುಟಗಳು. ಕೆಂಪು, ಕಡುನೀಲಿ, ತಿಳಿನೀಲಿ ಎಂದು ಮೂರು ಪಟ್ಟೆ. ಮನೆಯಿಂದ ತಂದ ಒಂದೋ ಎರಡೋ ರೂಪಾಯಿ ಡಬ್ಬಿಗೆ ಬಿದ್ದರೆ ಒಂದು ಬಾವುಟ ಗುಂಡುಸೂಜಿಯ ಸಮೇತ ಅಂಗಿಯ ಜೇಬಿನ ಮೇಲೆ ಬಂದು ಕೂರುತ್ತಿತ್ತು. ಸಂಜೆಯ ಹೊತ್ತಿಗೆ ಅದು ಹರಿದುಹೋಗಿರುತ್ತಿತ್ತು, ಇಲ್ಲವೇ ನೋಟ್‌ಬುಕ್ಕಿನ ರಟ್ಟಿಗೆ ಅಂಟಿರುತ್ತಿತ್ತು. ಕೆಂಪು ಭೂಸೇನೆಗೆ, ಕಡುನೀಲಿ ನೌಕಾಪಡೆಗೆ, ತಿಳಿನೀಲಿ ವಾಯುಪಡೆಗೆ ಎನ್ನುವುದು ಪರೀಕ್ಷೆಗೆ ಬರುವ ಪ್ರಶ್ನೆಯಾಗಿತ್ತು. ಆ ದುಡ್ಡು ಯಾರ ಮನೆಗೆ ಹೋಗುತ್ತದೆ ಎನ್ನುವುದು ಪರೀಕ್ಷೆಗೆ ಬರುತ್ತಿರಲಿಲ್ಲ.

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಸೈನಿಕರನ್ನು ನೆನೆಯಲು ಭಾರತದಲ್ಲಿ ಬೇರೆ ದಿನಗಳೂ ಇವೆ. ಜನವರಿ 15 ಸೇನಾ ದಿನ, ಜುಲೈ 26 ಕಾರ್ಗಿಲ್ ವಿಜಯ ದಿನ, ಡಿಸೆಂಬರ್ 16 ಬಾಂಗ್ಲಾ ಯುದ್ಧದ ವಿಜಯ ದಿನ. ಅವೆಲ್ಲ ಒಂದು ಗೆಲುವನ್ನೋ ಒಂದು ಘಟನೆಯನ್ನೋ ಹಿಡಿದು ಬಂದ ದಿನಗಳು. ಧ್ವಜ ದಿನ ಮಾತ್ರ ಯಾವ ಯುದ್ಧದ ತಾರೀಖೂ ಅಲ್ಲ. ಅಂದು ಗೆದ್ದವರನ್ನು ಹೊಗಳುವ ಕೆಲಸವಿಲ್ಲ, ಉಳಿದವರಿಗಾಗಿ ಕೈಚಾಚುವ ಕೆಲಸವಿದೆ. ಗಂಡನನ್ನು ಕಳೆದುಕೊಂಡವರು, ಕಾಲು ಕಳೆದುಕೊಂಡವರು, ನಿವೃತ್ತರಾಗಿ ಊರಿಗೆ ಮರಳಿದವರು, ಅವರ ಮಕ್ಕಳು, ಇವರೇ ಆ ದಿನದ ಕೇಂದ್ರ. ಇಷ್ಟು ಸರಳವಾದ ದಿನದ ಹಿಂದೆ ನೂರು ವರ್ಷಗಳ ಒಂದು ಜಗಳವಿದೆ. ಸತ್ತ ಸೈನಿಕನನ್ನು ನೆನೆಯುವುದು ಎಂದರೇನು? ಅವನ ಹೆಸರು ಬರೆಯುವುದೇ, ಅವನ ಮನೆಯವರನ್ನು ನೋಡಿಕೊಳ್ಳುವುದೇ?

ಎರಡು ನಿಮಿಷ ಮತ್ತು ಒಂದು ಹೂವು

ಮೊದಲ ಮಹಾಯುದ್ಧದ ಕದನವಿರಾಮ ಜಾರಿಗೆ ಬಂದದ್ದು 1918ರ ನವೆಂಬರ್ 11ರಂದು ಬೆಳಗ್ಗೆ 11 ಗಂಟೆಗೆ. ಮರುವರ್ಷ ಅದೇ ದಿನ, ಅದೇ ಗಳಿಗೆಗೆ ಎರಡು ನಿಮಿಷ ಎಲ್ಲ ಕೆಲಸ ನಿಲ್ಲಿಸಿ ಮೌನವಾಗಿರಬೇಕೆಂದು ದೊರೆ ಐದನೇ ಜಾರ್ಜ್ ಇಡೀ ಸಾಮ್ರಾಜ್ಯವನ್ನು ಕೇಳಿಕೊಂಡ. ಈ ಮೌನದ ಪದ್ಧತಿ ಹುಟ್ಟಿದ್ದು ಲಂಡನ್ನಿನಲ್ಲಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದಲ್ಲಿ 1918ರಲ್ಲೇ ಮಧ್ಯಾಹ್ನದ ತೋಪು ಹಾರಿದಾಗ ಜನ ನಿಂತಲ್ಲೇ ನಿಂತು ರಣರಂಗದಲ್ಲಿದ್ದವರನ್ನು ನೆನೆಯುತ್ತಿದ್ದರು. ಅಲ್ಲಿಯ ಪರ್ಸಿ ಫಿಟ್ಸ್‌ಪ್ಯಾಟ್ರಿಕ್ ಎಂಬವರು ಈ ಸಲಹೆಯನ್ನು ಲಂಡನ್ನಿಗೆ ಮುಟ್ಟಿಸಿದರು. ಇಂದು ನಮ್ಮ ವಿಧಾನಸಭೆಗಳಲ್ಲಿ, ಶಾಲೆಗಳಲ್ಲಿ, ಕಡೆಗೆ ಕ್ರಿಕೆಟ್ ಮೈದಾನದಲ್ಲೂ ಎದ್ದು ನಿಂತು ಆಚರಿಸುವ ಮೌನಕ್ಕೆ ಆ ದಿನಗಳ ನೆನಪು ಅಂಟಿಕೊಂಡಿದೆ.

ಮೌನಕ್ಕೆ ಖರ್ಚಿಲ್ಲ. ಆದರೆ ಯುದ್ಧದಿಂದ ಮರಳಿದವರಿಗೆ ಕೆಲಸವಿರಲಿಲ್ಲ, ಸತ್ತವರ ಹೆಂಡತಿಯರಿಗೆ ಆಸರೆ ಸಾಲುತ್ತಿರಲಿಲ್ಲ. ಆಗ ಬಂದದ್ದು ಕೆಂಪು ಗಸಗಸೆ ಹೂವು. ಇಂಗ್ಲಿಷಿನ ಹೆಸರನ್ನು ಹಾಗೇ ಕನ್ನಡದಲ್ಲಿ ಬರೆದರೆ ‘ಪಾಪಿ’ ಎಂದಾಗಿ ಅರ್ಥವೇ ಬೇರೆಯಾಗುತ್ತದೆ, ಹಾಗಾಗಿ ಗಸಗಸೆ ಹೂವೆಂದೇ ಇರಲಿ. ಗುಂಡು ಬಿದ್ದು ಕಲಕಿಹೋದ ಫ್ರಾನ್ಸ್, ಬೆಲ್ಜಿಯಮ್ ಹೊಲಗಳಲ್ಲಿ ತಾನಾಗಿ ಅರಳಿದ ಹೂವದು. ಅಮೆರಿಕದ ಮೊಯಿನಾ ಮೈಕಲ್ ಅದನ್ನು ನೆನಪಿನ ಗುರುತಾಗಿ ಧರಿಸಿದರು. ಫ್ರಾನ್ಸಿನ ಆನಾ ಗೆರಾನ್ ಬಟ್ಟೆಯ ಹೂ ಮಾಡಿಸಿ ಮಾರುವ ಯೋಚನೆಯನ್ನು ದೇಶದಿಂದ ದೇಶಕ್ಕೆ ಹೊತ್ತು ತಿರುಗಿದರು. 1921ರ ನವೆಂಬರ್ 11ರಂದು ಬ್ರಿಟನ್ನಿನಲ್ಲಿ ಮೊದಲ ಸಲ ಹೂ ಮಾರಿದಾಗ 1,06,000 ಪೌಂಡ್ ಕೂಡಿತು. ಮರುವರ್ಷ ಲಂಡನ್ನಿನಲ್ಲಿ ಹೂ ತಯಾರಿಸುವ ಕಾರ್ಖಾನೆಯೇ ಶುರುವಾಯಿತು. ಅಲ್ಲಿ ಕೆಲಸಕ್ಕೆ ಕೂತವರು ಯುದ್ಧದಲ್ಲಿ ಅಂಗವಿಕಲರಾದ ಸೈನಿಕರು.

ಹೀಗೆ ನೆನಪಿಗೆ ಎರಡು ದಾರಿಗಳಾದವು. ಒಂದು ಮೌನದ್ದು, ಕಲ್ಲಿನದ್ದು, ಹೆಸರಿನದ್ದು. ಇನ್ನೊಂದು ಹೂವಿನದ್ದು, ದುಡ್ಡಿನದ್ದು, ಅನ್ನದ್ದು. ಭಾರತದ ಸೈನಿಕ ಈ ಎರಡೂ ದಾರಿಗಳಲ್ಲಿ ಎಲ್ಲಿ ನಿಂತಿದ್ದ?

ಬಸ್ರಾದ ಕಲ್ಲು

ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹೋದವರು ಹತ್ತು ಲಕ್ಷಕ್ಕೂ ಹೆಚ್ಚು ಜನ. ಸತ್ತವರು 74,000ದ ಆಸುಪಾಸು. ಯುದ್ಧ ನಡೆಯುತ್ತಿರುವಾಗಲೇ, 1917ರಲ್ಲಿ, ಸತ್ತವರ ಸಮಾಧಿ ಮತ್ತು ಸ್ಮಾರಕಗಳನ್ನು ನೋಡಿಕೊಳ್ಳಲು ಬ್ರಿಟಿಷ್ ಸಾಮ್ರಾಜ್ಯ ಒಂದು ಆಯೋಗ ಸ್ಥಾಪಿಸಿತು. ಇಂದು ಅದರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. ಅದು ಒಪ್ಪಿಕೊಂಡ ತತ್ವ ಆ ಕಾಲಕ್ಕೆ ದೊಡ್ಡದು. ಜನರಲ್ ಆಗಲಿ ಸಿಪಾಯಿಯಾಗಲಿ ಒಂದೇ ಅಳತೆಯ ಕಲ್ಲು. ದೇಹ ಸಿಕ್ಕವರಿಗೆ ಸಮಾಧಿಯ ಮೇಲೆ ಹೆಸರು, ಸಿಗದವರಿಗೆ ಸ್ಮಾರಕದ ಗೋಡೆಯ ಮೇಲೆ ಹೆಸರು. ಪದವಿ, ಜನಾಂಗ, ಧರ್ಮ ಯಾವುದರ ಭೇದವೂ ಇಲ್ಲ.

ಯುರೋಪಿನಲ್ಲಿ ಈ ಮಾತು ನಡೆಯಿತು. ಫ್ರಾನ್ಸಿನ ನವ್ ಶಾಪೆಲ್ ಎಂಬಲ್ಲಿ 1927ರಲ್ಲಿ ಅನಾವರಣಗೊಂಡ ಭಾರತೀಯ ಸ್ಮಾರಕದ ಗೋಡೆಯಲ್ಲಿ 4,700ಕ್ಕೂ ಹೆಚ್ಚು ಹೆಸರುಗಳಿವೆ. ಸಾಮಾನ್ಯ ಸಿಪಾಯಿಗಳ ಹೆಸರುಗಳೂ ಅದರಲ್ಲಿವೆ. ಆದರೆ ಭಾರತದ ಸೈನಿಕರು ಎಲ್ಲಕ್ಕಿಂತ ಹೆಚ್ಚಾಗಿ ಹೋದದ್ದು ಫ್ರಾನ್ಸಿಗಲ್ಲ, ಇಂದಿನ ಇರಾಕ್ ಆಗಿರುವ ಮೆಸೊಪೊಟೇಮಿಯಾಕ್ಕೆ. ಅಲ್ಲಿ ಗುಂಡಿಗಿಂತ ಬಿಸಿಲು, ಕಾಲರಾ, ಹಸಿವು ಕೊಂದದ್ದೇನೂ ಕಡಿಮೆಯಲ್ಲ. ಅವರಿಗಾಗಿ ಬಸ್ರಾದಲ್ಲಿ 1929ರಲ್ಲಿ ಒಂದು ದೊಡ್ಡ ಸ್ಮಾರಕ ಅನಾವರಣವಾಯಿತು. 40,000ಕ್ಕೂ ಹೆಚ್ಚು ಜನರ ನೆನಪಿಗೆ ಕಟ್ಟಿದ ಆ ಗೋಡೆಯ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳಿವೆ, ಭಾರತೀಯ ಅಧಿಕಾರಿಗಳ ಹೆಸರುಗಳೂ ಇವೆ. ಭಾರತದ ಸಾಮಾನ್ಯ ಸಿಪಾಯಿಗಳ ಸರದಿ ಬಂದಾಗ ಮಾತ್ರ ಪಲ್ಟಣದ ಹೆಸರು, ಅದರ ಕೆಳಗೆ ಒಂದು ಸಂಖ್ಯೆ. ಇಷ್ಟು ಜನ ಇತರ ಭಾರತೀಯ ಸೈನಿಕರು ಎಂಬ ಲೆಕ್ಕ.

ಒಂದೇ ಆಯೋಗ, ಒಂದೇ ದಶಕ. ಆದರೂ ಹೀಗಾಯಿತು. ಯುರೋಪಿನಿಂದ ದೂರದ ಮರಳುಗಾಡಿನಲ್ಲಿ ಸತ್ತ ಸಿಪಾಯಿಯ ಮನೆಯವರು ಅಲ್ಲಿಗೆ ಬಂದು ಹೆಸರು ಹುಡುಕುವುದಿಲ್ಲ, ಅವರಿಗೆ ಅದರ ಬೆಲೆಯೂ ತಿಳಿಯದು ಎಂಬ ಎಣಿಕೆ ಅದರ ಹಿಂದಿತ್ತು. ಈ ಎಣಿಕೆಗೆ ಆಯೋಗ ಕ್ಷಮೆ ಕೇಳಿದ್ದು 2021ರ ಏಪ್ರಿಲ್‌ನಲ್ಲಿ. ಅದೇ ನೇಮಿಸಿದ್ದ ವಿಶೇಷ ಸಮಿತಿಯ ವರದಿ ಸ್ಪಷ್ಟವಾಗಿತ್ತು. ಭಾರತ, ಪೂರ್ವ ಹಾಗೂ ಪಶ್ಚಿಮ ಆಫ್ರಿಕಾ, ಈಜಿಪ್ಟ್, ಸೊಮಾಲಿಯಾಗಳಿಗೆ ಸೇರಿದ 45,000ದಿಂದ 54,000 ಜನರನ್ನು ಉಳಿದವರಿಗೆ ಸಮನಾಗಿ ನೆನೆದಿಲ್ಲ. ಇನ್ನೂ ಕನಿಷ್ಠ 1,16,000 ಜನರಿಗೆ, ಬಹುಶಃ ಮೂರೂವರೆ ಲಕ್ಷದವರೆಗಿನ ಜನರಿಗೆ, ಹೆಸರಿನ ಗುರುತೂ ಸಿಕ್ಕಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ದಶಕಗಳ ಕಾಲ ಬಿದ್ದಿದ್ದ ದಾಖಲೆ ಪುಸ್ತಕಗಳು ಡಿಜಿಟಲ್ ರೂಪದಲ್ಲಿ ಹೊರಬರತೊಡಗಿದವು. ಅವುಗಳಲ್ಲಿ ಪಂಜಾಬಿನಿಂದ ಹೋದ 3,20,000 ಸೈನಿಕರ ವಿವರಗಳು ಹಳ್ಳಿಹಳ್ಳಿಯ ಲೆಕ್ಕದಲ್ಲಿವೆ. ಹೆಸರುಗಳು ಇಲ್ಲದೆ ಇರಲಿಲ್ಲ. ಹುಡುಕಿದವರು ಇರಲಿಲ್ಲ.

ದೆಹಲಿಯ ಇಂಡಿಯಾ ಗೇಟ್ ಕೂಡ ಇದೇ ಕಥೆಯ ಒಂದು ತುಣುಕು. 1921ರಲ್ಲಿ ಅಡಿಗಲ್ಲು, 1931ರಲ್ಲಿ ಉದ್ಘಾಟನೆ. ವಿನ್ಯಾಸ ಎಡ್ವಿನ್ ಲುಟ್ಯೆನ್ಸ್ ಅವರದು. ಲಂಡನ್ನಿನಲ್ಲಿ ಪ್ರತಿ ನವೆಂಬರ್‌ನಲ್ಲಿ ದೊರೆ ಹೂವಿನ ಚಕ್ರ ಇಡುವ ಸ್ಮಾರಕವನ್ನು ರೂಪಿಸಿದ್ದೂ ಅವರೇ. ಇಂಡಿಯಾ ಗೇಟ್ ಮೇಲೆ ಕೆತ್ತಿರುವ ಹೆಸರುಗಳು 13,000ಕ್ಕೂ ಹೆಚ್ಚು. ಐಸ್‌ಕ್ರೀಮ್ ಹಿಡಿದು ಕೆಳಗೆ ನಿಂತವರಿಗೆ ಮೇಲಿನ ಸಾಲುಗಳು ಓದಲು ಸಿಗುವುದಿಲ್ಲ. ಅಲ್ಲಿಂದ ಸ್ವಲ್ಪ ದೂರದ ತೀನ್ ಮೂರ್ತಿ ವೃತ್ತದಲ್ಲಿ ಮೂರು ಕಂಚಿನ ಸೈನಿಕರು ನಿಂತಿದ್ದಾರೆ. ಜೋಧಪುರ, ಹೈದರಾಬಾದ್, ಮೈಸೂರು ಸಂಸ್ಥಾನಗಳ ಕುದುರೆ ಪಡೆಗಳಿಗೆ ಒಬ್ಬೊಬ್ಬರು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಊರನ್ನು ಹಿಡಿದವರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ದೆಹಲಿಯ ಕನ್ನಡಿಗರು ಬಸ್ಸಿನಲ್ಲಿ ಸುತ್ತಿಹೋಗುವ ಆ ಮೂವರಲ್ಲಿ ಒಬ್ಬ ಮೈಸೂರಿನವನು. ಅವನಿಗೂ ಸ್ವಂತ ಹೆಸರಿಲ್ಲ.

ಹೂವಿನ ದುಡ್ಡು ಯಾರಿಗೆ?

ಹೆಸರಿನ ದಾರಿಯಲ್ಲಿ ಹೀಗಾದರೆ ಅನ್ನದ ದಾರಿಯಲ್ಲೂ ತಕರಾರು ಎದ್ದಿತು. ವಸಾಹತುಗಳಲ್ಲೂ ನವೆಂಬರ್ 11ಕ್ಕೆ ಗಸಗಸೆ ಹೂ ಮಾರುತ್ತಿದ್ದರು. ಸಿಲೋನಿನಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ, ಕೆಲವರು ಒಂದು ಸರಳ ಪ್ರಶ್ನೆ ಕೇಳಿದರು. ಇಲ್ಲಿಯ ಜನರ ಜೇಬಿನಿಂದ ಕೂಡಿದ ದುಡ್ಡಿನಲ್ಲಿ ಹೆಚ್ಚಿನದು ಬ್ರಿಟನ್ನಿಗೆ ಹೋದರೆ, ಇಲ್ಲಿಯ ನಿವೃತ್ತ ಸೈನಿಕನಿಗೆ ಏನು? ಸೈನಿಕನಾಗಿದ್ದ ಏಲಿಯನ್ ಪೆರೇರಾ ಎಂಬವರು ಅದೇ ದಿನ ಸೂರಿಯ ಎಂಬ ಊರಿನ ಮರದ ಹಳದಿ ಹೂವನ್ನು ಮಾರಲು ಶುರುಮಾಡಿದರು. 1933ರ ಹೊತ್ತಿಗೆ ಅದು ‘ಸೂರಿಯ ಮಲ್’ ಚಳವಳಿಯಾಯಿತು. ಸಿಂಹಳದಲ್ಲಿ ಮಲ್ ಎಂದರೆ ಹೂವು. ಎಡಪಂಥದ ತರುಣರು, ಇಂಗ್ಲೆಂಡಿನಿಂದ ಬಂದು ಅಲ್ಲಿ ಶಾಲೆ ನಡೆಸುತ್ತಿದ್ದ ಡೋರೀನ್ ಯಂಗ್ ಅವರಂಥವರು ಬೀದಿಗಿಳಿದರು. ಯಾರ ಎದೆಯ ಮೇಲೆ ಯಾವ ಹೂವಿದೆ ಎನ್ನುವುದೇ ರಾಜಕೀಯವಾಯಿತು.

ಬಾವುಟಕ್ಕೂ ಹೂವಿಗೂ ನೆಂಟಸ್ತಿಕೆ ಇದೆ ಎಂದು ತಿಳಿಯಲು ಈ ಕಥೆ ಸಾಕು. ಸ್ವತಂತ್ರ ಭಾರತ ತನ್ನದೇ ದಿನವನ್ನು ಹುಡುಕಿಕೊಂಡಿತು. 1949ರ ಜನವರಿ 15ರಂದು ಕೊಡಗಿನ ಕೆ.ಎಂ. ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಅದೇ ವರ್ಷದ ಆಗಸ್ಟ್ 28ರಂದು ರಕ್ಷಣಾ ಮಂತ್ರಿಗಳ ಸಮಿತಿಯೊಂದು ಪ್ರತಿ ವರ್ಷ ಡಿಸೆಂಬರ್ 7ನ್ನು ಧ್ವಜ ದಿನವಾಗಿ ಆಚರಿಸಬೇಕೆಂದು ತೀರ್ಮಾನಿಸಿತು. ಹೂವಿನ ಜಾಗದಲ್ಲಿ ಬಾವುಟ ಬಂತು. ಗುಂಡುಸೂಜಿ ಹಾಗೇ ಉಳಿಯಿತು. 1993ರಲ್ಲಿ ಬೇರೆಬೇರೆ ಹೆಸರಿನಲ್ಲಿದ್ದ ನಿಧಿಗಳು ಸೇರಿ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿಯಾಯಿತು. ಬಡ ನಿವೃತ್ತ ಸೈನಿಕರ, ಸೈನಿಕರ ವಿಧವೆಯರ ಮಕ್ಕಳ ಓದಿಗೆ, ಹೆಣ್ಣುಮಕ್ಕಳ ಮದುವೆಗೆ, ಚಿಕಿತ್ಸೆಗೆ ಅದರಿಂದ ನೆರವು ಹೋಗುತ್ತದೆ. ಪುಣೆಯ ಖಡ್ಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಸೈನಿಕರ ಪುನರ್ವಸತಿ ಕೇಂದ್ರವಿದೆ. ಅದಕ್ಕೂ ಈ ನಿಧಿಯಿಂದ ಹಣ ಸಲ್ಲುತ್ತದೆ.

ಬೇಗೂರು, ಆತಕೂರು

ಹೆಸರು ಮತ್ತು ಅನ್ನ ಎಂಬ ಎರಡು ದಾರಿಗಳು ಇಪ್ಪತ್ತನೇ ಶತಮಾನದಲ್ಲಿ ಬೇರೆಯಾದವು ಎಂದುಕೊಂಡರೆ, ಅವು ಕೂಡಿದ್ದ ಕಾಲವೊಂದಿತ್ತೇ ಎಂಬ ಪ್ರಶ್ನೆ ಬರುತ್ತದೆ. ಕನ್ನಡ ನಾಡಿನ ಮಟ್ಟಿಗೆ ಅದಕ್ಕೆ ಉತ್ತರ ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ದೇವಸ್ಥಾನದ ಅಂಗಳದಲ್ಲಿ ನಿಂತಿದೆ. ಅದೇ ವೀರಗಲ್ಲು.

ಬೆಂಗಳೂರಿನ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ‘ಬೆಂಗಳೂರು’ ಎಂಬ ಹೆಸರು ಸಿಗುವ ಅತಿ ಹಳೆಯ ದಾಖಲೆ ಎಂದು ಅದನ್ನು ಎಲ್ಲರೂ ಹೇಳುತ್ತಾರೆ. ಅದು ಸಿಗುವುದು ಎಂಥ ಮಾತಿನಲ್ಲಿ ಎನ್ನುವುದನ್ನು ಅಷ್ಟಾಗಿ ಹೇಳುವುದಿಲ್ಲ. ಅದು ಬೆಂಗಳೂರ ಕಾಳಗದಲ್ಲಿ ಬುಟ್ಟಣಸೆಟ್ಟಿ ಎಂಬವನು ಸತ್ತದ್ದನ್ನು ಹೇಳುವ ಕಲ್ಲು. ಇಂದು ಒಂದು ಕೋಟಿಗೂ ಹೆಚ್ಚು ಜನರಿರುವ ನಗರದ ಹೆಸರು ಮೊದಲು ನಮಗೆ ಸಿಕ್ಕಿದ್ದು ಅರಸನ ಬಿರುದಿನಲ್ಲಲ್ಲ, ಸತ್ತ ಒಬ್ಬನ ನೆನಪಿನಲ್ಲಿ.

ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ನಾಗತ್ತರ ಆನೆಗಳ ಕಾಳಗದಲ್ಲಿ ಸತ್ತ. ಅವನ ಪಟ್ಟ ಇರುಗನಿಗೆ ಬಂತು, ಜೊತೆಗೆ ಬೇಗೂರು ಮತ್ತು ಸುತ್ತಲಿನ ಹಳ್ಳಿಗಳು ಸೇರಿ ಹನ್ನೆರಡು ಊರುಗಳನ್ನು ಕಲ್ನಾಡಾಗಿ ಕೊಟ್ಟರು. ಕಲ್ನಾಡು, ನೆತ್ತರುಗೊಡಗೆ, ಇವು ಶಾಸನಗಳಲ್ಲಿ ಸಿಗುವ ಮಾತುಗಳು. ಕಾದಿ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಯೇ ನೆತ್ತರುಗೊಡಗೆ. ನೆತ್ತರಿಗೆ ಕೊಟ್ಟ ಕೊಡುಗೆ ಎಂದು ಆ ಪದ ತಾನೇ ಹೇಳಿಕೊಳ್ಳುತ್ತದೆ. ಕಲ್ಲು ನಿಲ್ಲಿಸಿದ ಕೈಯೇ ಹೊಲವನ್ನೂ ಅಳೆದು ಕೊಡುತ್ತಿತ್ತು. ನೆನಪು ಒಂದು ಕಡೆ, ಹೊಟ್ಟೆಪಾಡು ಇನ್ನೊಂದು ಕಡೆ ಆಗಿರಲಿಲ್ಲ.

ಇನ್ನೂ ಒಂದು ಕಲ್ಲು ಅದೇ ವಸ್ತುಸಂಗ್ರಹಾಲಯದಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದ, ಕ್ರಿ.ಶ. 949–50ರ ಶಾಸನ ಅದು. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಪರಾಕ್ರಮ ತೋರಿದ ಮಣಲೆಯರನಿಗೆ ಏನು ಬೇಕೆಂದು ಕೇಳಿದರೆ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿತು. ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಸಾವಿರ ವರ್ಷದ ಹಿಂದಿನ ಕನ್ನಡದಲ್ಲಿ ಒಂದು ನಾಯಿಗೆ ಹೆಸರಿದೆ. 1929ರ ಬಸ್ರಾದ ಗೋಡೆಯಲ್ಲಿ ಸಾವಿರಾರು ಮನುಷ್ಯರಿಗೆ ಇಲ್ಲ.

ಹಾಗೆಂದು ಹಳೆಯದೆಲ್ಲ ಹೊನ್ನಾಗಿರಲಿಲ್ಲ. ವೀರಗಲ್ಲುಗಳಲ್ಲಿ ಅಕ್ಷರವೇ ಇಲ್ಲದವು ಎಷ್ಟೋ ಇವೆ. ಕೆಳಗಿನ ಪಟ್ಟಿಯಲ್ಲಿ ಕಾದುವವನು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗವೋ ಜಿನನೋ, ಅಷ್ಟೇ. ಊರಿನವರು ಎಣ್ಣೆ ಕುಂಕುಮ ಹಚ್ಚುತ್ತಾರೆ, ಯಾರೆಂದು ಗೊತ್ತಿಲ್ಲ. ಕಲ್ಲು ನಿಲ್ಲಿಸುವ ಶಕ್ತಿ ಇಲ್ಲದ ಮನೆಗಳ ಸಾವು ಕಲ್ಲಿಗೆ ಬಂದೇ ಇಲ್ಲ. ಕೊಟ್ಟ ಹೊಲ ಎಷ್ಟು ತಲೆಮಾರು ಉಳಿಯಿತು ಎಂಬ ಮಾತನ್ನೂ ಕಲ್ಲು ಹೇಳುವುದಿಲ್ಲ. ಆದರೂ ಅವರಿಗೆ ಒಂದು ವಿಷಯ ಸ್ಪಷ್ಟವಿತ್ತು. ಸತ್ತವನಿಗೆ ಊರು ಸಾಲಗಾರ. ಆ ಸಾಲ ಬರೀ ಮಾತಿನಲ್ಲಿ ತೀರುವುದಿಲ್ಲ.

ಪದಕ್ಕೆ ತಕ್ಕ ಪಿಂಚಣಿ

ಹಳೆಯ ಶಾಸನಗಳಲ್ಲಿ ಸೈನಿಕ ‘ಕಾದಿ ಸತ್ತ’, ‘ಇರಿದು ಸತ್ತ’. ಮಾತು ಅಷ್ಟು ನೇರ. ಇಂದು ಪತ್ರಿಕೆಗಳಿಗೆ ‘ಹುತಾತ್ಮ’ ಎಂಬ ಪದ ಬೇಕು. ತನ್ನನ್ನೇ ಹೋಮದ ಬೆಂಕಿಗೆ ಅರ್ಪಿಸಿಕೊಂಡವನು ಎಂದು ಅದರ ಅರ್ಥ. ದೊಡ್ಡ ಪದವೇ. ಆದರೆ ಸೇನೆಯಲ್ಲಿ ಅಂಥ ಪದ ಬಳಕೆಯಲ್ಲಿಲ್ಲ ಎಂದು ಸರ್ಕಾರ ಸಂಸತ್ತಿನಲ್ಲಿ ಹೇಳಿದೆ. ಅಲ್ಲಿರುವುದು ಸಾವಿನ ವರ್ಗಗಳು. ಶತ್ರುವಿನೊಡನೆ ಹೋರಾಡುವಾಗ ಬಂದ ಸಾವು ಒಂದು ವರ್ಗ, ಸೇವೆಯ ಕಾರಣದಿಂದ ಬಂದ ಸಾವು ಇನ್ನೊಂದು. ಮೊದಲನೆಯದಕ್ಕೆ ಕುಟುಂಬಕ್ಕೆ ಕೊನೆಯ ಸಂಬಳದಷ್ಟೇ ಪಿಂಚಣಿ, ಎರಡನೆಯದಕ್ಕೆ ಅದರ ಶೇಕಡಾ 60. ಹಿಮಕುಸಿತದಲ್ಲಿ, ಅಪಘಾತದಲ್ಲಿ, ಕಾಯಿಲೆಯಲ್ಲಿ ಸತ್ತವನ ಹೆಂಡತಿ ಕಡತ ಹಿಡಿದು ಅಲೆಯುವಾಗ ಊರಿನ ಬ್ಯಾನರಿನಲ್ಲಿರುವ ‘ಹುತಾತ್ಮ’ ಎಂಬ ಪದ ಆಕೆಯ ನೆರವಿಗೆ ಬರುವುದಿಲ್ಲ. ಕಡತದಲ್ಲಿ ಬರೆದ ವರ್ಗ ಬರುತ್ತದೆ.

ಹೆಸರಿನ ಸಾಲವನ್ನು ದೇಶ ಈಚೆಗೆ ಒಂದಿಷ್ಟು ತೀರಿಸಿದೆ. 2019ರ ಫೆಬ್ರವರಿ 25ರಂದು ಇಂಡಿಯಾ ಗೇಟ್ ಪಕ್ಕದಲ್ಲೇ ರಾಷ್ಟ್ರೀಯ ಯುದ್ಧ ಸ್ಮಾರಕ ತೆರೆಯಿತು. ಸ್ವಾತಂತ್ರ್ಯಾನಂತರ ಸತ್ತ 25,000ಕ್ಕೂ ಹೆಚ್ಚು ಸೈನಿಕರ ಹೆಸರುಗಳು ಅಲ್ಲಿ ಬಿಡಿಬಿಡಿಯಾಗಿ ಕಲ್ಲಿನ ಮೇಲಿವೆ, ಕೈಗೆ ಎಟುಕುವ ಎತ್ತರದಲ್ಲಿ. ಸಂಜೆಯ ಹೊತ್ತು ಸತ್ತವರ ಮನೆಯವರೇ ಬಂದು ಹೂವಿನ ಚಕ್ರ ಇಡುವ ಪದ್ಧತಿ ಅಲ್ಲಿದೆ. ಬೆರಳಿನಿಂದ ಅಕ್ಷರಗಳನ್ನು ತಡವಿ ನೋಡುವ ತಾಯಂದಿರ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿವೆ. ಬಸ್ರಾದ ಅಧಿಕಾರಿಗಳು ಯಾವುದನ್ನು ಅರಿಯಲಿಲ್ಲವೋ ಅದು ಆ ಬೆರಳಿನಲ್ಲಿದೆ.

ಅನ್ನದ ಸಾಲ ಪ್ರತಿ ವರ್ಷ ಹೊಸದಾಗಿ ಹುಟ್ಟುತ್ತದೆ. ಹಾಗಾಗಿಯೇ ಧ್ವಜ ದಿನವೂ ಪ್ರತಿ ವರ್ಷ ಬರುತ್ತದೆ. ಈಗ ಶಾಲೆಗಳಲ್ಲಿ ಗುಂಡುಸೂಜಿ ಕಡಿಮೆಯಾಗಿದೆ, ಬಾವುಟ ಸ್ಟಿಕರ್ ಆಗಿದೆ, ದುಡ್ಡನ್ನು ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲೇ ಕಟ್ಟಬಹುದು, ಅದಕ್ಕೆ ತೆರಿಗೆ ವಿನಾಯಿತಿಯೂ ಇದೆ. ಮುಂಬಯಿಯಲ್ಲಿರುವವರು ಮಸ್ಜಿದ್ ಬಂದರಿನ ನಾವಿಕರ ಸ್ಮಾರಕಕ್ಕೆ ಹೋದರೆ, ಕಡಲೇ ಸಮಾಧಿಯಾದ 2,000ಕ್ಕೂ ಹೆಚ್ಚು ಭಾರತೀಯ ನಾವಿಕರನ್ನು ನೆನೆಯುವ ಜಾಗವೊಂದು ಅಲ್ಲಿದೆ. ಚೆನ್ನೈಯಲ್ಲಿ ಮರೀನಾ ಕಡಲತೀರ ಶುರುವಾಗುವಲ್ಲೇ ಯುದ್ಧ ಸ್ಮಾರಕವಿದೆ, ಸಿಕಂದರಾಬಾದಿನ ಪರೇಡ್ ಮೈದಾನದಲ್ಲಿ ಇನ್ನೊಂದಿದೆ. ಪುಣೆಯವರಿಗೆ ಖಡ್ಕಿ ದೂರವಲ್ಲ. ಅಲ್ಲಿಯ ಕೇಂದ್ರದಲ್ಲಿ ಗಾಲಿಕುರ್ಚಿಯಲ್ಲಿ ಕೂತಿರುವವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ, ಏಕೆಂದರೆ ಅವರು ಬದುಕಿದ್ದಾರೆ. ಶಾಲೆಯ ಡಬ್ಬಿಗೆ ಬಿದ್ದ ಆ ಒಂದು ರೂಪಾಯಿಯಲ್ಲಿ ಅವರಿಗೂ ಪಾಲಿತ್ತು.